ಕೈ ಎತ್ತುವ ಕೆಲಸ

ಮಾನ್ವಿಯ ಚರ್ಚಿನಲ್ಲಿ ಆ ಭಾನುವಾರ ಫಾದರ್ ಗ್ರೆಗರಿ ಪೀಠದಿಂದ ಉಪದೇಶಿಸುತ್ತಿದ್ದ ಪ್ರಸಂಗವನ್ನು ನಡುವೆ ನಿಲ್ಲಿಸಿದವಳು ನಾನೇ ಎಂದು ರಾಯಚೂರಿನಲ್ಲಿ ಈಗಲೂ ಹೇಳುತ್ತಾರೆ. ಹೇಳುವವರಲ್ಲಿ ಎರಡು ಪಂಗಡ. ದೇವರನ್ನು ನಂಬದ ಹುಡುಗಿಯೊಬ್ಬಳು ವಾದ ಮಾಡಿ ಮಾಡಿ, ಕನ್ಯಾಸ್ತ್ರೀ ಆಗಬೇಕಿದ್ದವಳ ತಲೆ ಕೆಡಿಸಿದಳು ಎನ್ನುವುದು ಮೊದಲ ಪಂಗಡ. ಅದೇ ಹುಡುಗಿ ಪ್ರಸಂಗ ಕೇಳುತ್ತಾ ಕಣ್ಣೀರು ಹಾಕಿ ದೇವರ ಪ್ರೀತಿಗೆ ಸೋತಳು ಎನ್ನುವುದು ಎರಡನೆಯದು. ಎರಡಕ್ಕೂ ಕಣ್ಣಾರೆ ಕಂಡ ಸಾಕ್ಷಿಗಳಿದ್ದಾರೆ. ಇಬ್ಬರನ್ನೂ ಒಂದೇ ಕಟ್ಟೆಯ ಮೇಲೆ ಕೂರಿಸಿ ಅಡ್ಡಪ್ರಶ್ನೆ ಹಾಕಿದರೆ ಎರಡೂ ಕಥೆ ಬೀಳುತ್ತವೆ. ಆ ಹೊತ್ತಿನಲ್ಲಿ ನನ್ನ ಕೈಗಳೆರಡೂ ನನ್ನ ಮಡಿಲಲ್ಲಿದ್ದವು. ಕಣ್ಣೂ ಒಣಗಿತ್ತು.

ಎತ್ತಿದ ಕೈ ಬೇರೆಯವರದು. ಅದು ಯಾರದು, ಯಾಕೆ ಎದ್ದಿತು ಎಂಬುದನ್ನು ಹೇಳಬೇಕಾದರೆ ನನ್ನ ಕೆಲಸದ ಬಗ್ಗೆ ಹೇಳಬೇಕು. ಹೇಗೂ ಬರುವ ಶುಕ್ರವಾರದಿಂದ ನನ್ನ ಕುರ್ಚಿಯಲ್ಲಿ ಬೇರೊಬ್ಬಳು ಕೂರುತ್ತಾಳೆ. ಆಕೆ ಓದಲಿ ಎಂದೇ ಬರೆಯುತ್ತಿದ್ದೇನೆ. ಮೂವತ್ತು ದಾಟಿ ಇನ್ನೂ ಹೆಚ್ಚು ದಿನವಾಗದವಳು ನಿವೃತ್ತಿ ಅನ್ನುತ್ತಿದ್ದಾಳಲ್ಲ ಎಂದು ನಗಬೇಡಿ. ಶಾಲು ಹೊದಿಸಿದ್ದಾರೆ, ಹಣ್ಣಿನ ಬುಟ್ಟಿ ಕೊಟ್ಟಿದ್ದಾರೆ, ನನ್ನ ಬಗ್ಗೆ ಸುಳ್ಳೂ ಹೇಳಿದ್ದಾರೆ. ನಿವೃತ್ತಿಗೆ ಇನ್ನೇನು ಬೇಕು?

ಕೆಲಸ ಸಿಕ್ಕಿದ್ದು ಒಂದು ಚರ್ಚಾಸ್ಪರ್ಧೆಯಿಂದ. ರಾಯಚೂರಿನ ಕಾಲೇಜೊಂದರಲ್ಲಿ, ದೇವರಿಲ್ಲದೆಯೂ ನೀತಿವಂತನಾಗಿ ಬಾಳಬಹುದೇ ಎಂಬ ವಿಷಯ. ಬಾಳಬಹುದು ಎಂದು ವಾದಿಸಿ ನಾನು ಗೆದ್ದೆ. ತೀರ್ಪುಗಾರರಲ್ಲಿ ಒಬ್ಬರು ಫಾದರ್ ಗ್ರೆಗರಿ. ಕರಾವಳಿಯವರು, ನಮ್ಮ ಕಡೆ ಬಂದು ತಲೆ ನರೆತರೂ ಅಲ್ಲಿಯ ಪುಸ್ತಕದಂಥ ಕನ್ನಡ ಬಿಡದವರು. ಚಹಾದ ಹೊತ್ತಿಗೆ ಹತ್ತಿರ ಬಂದರು.

"ನೀನು ಗೆದ್ದದ್ದು ಸರಿ. ಆದರೆ ನಿನ್ನ ಎದುರಾಳಿ ತೀರಾ ಪಾಪದವನು ಮಾರಾಯ್ತಿ."

"ಅದಕ್ಕ ನಾ ಏನ್ ಮಾಡ್ಲಿರಿ ಫಾದರ್?"

"ನಮ್ಮ ಉಪದೇಶಿಗಳದ್ದೂ ಇದೇ ಅವಸ್ಥೆ. ಅವರ ಮುಂದೆ ಕೂತವರೆಲ್ಲ ತಲೆ ಅಲ್ಲಾಡಿಸುತ್ತಾರೆ. ಅಲ್ಲಾಡುವ ತಲೆಗಳನ್ನು ನೋಡಿ ನೋಡಿ ಮಾತು ಸಡಿಲವಾಗಿಬಿಟ್ಟಿದೆ. ಅಲ್ಲಾಡಿಸದ ತಲೆ ಒಂದು ಬೇಕು. ಶುಕ್ರವಾರ ನಿನಗೆ ಬಿಡುವು ಉಂಟಾ?"

ಉಪದೇಶಿಗಳೆಂದರೆ ಹಳ್ಳಿಗಳಲ್ಲಿ ಕ್ರೈಸ್ತ ಕುಟುಂಬಗಳ ಕಷ್ಟಸುಖ ನೋಡಿಕೊಳ್ಳುವವರು, ಫಾದರ್ ಬರಲಾಗದ ಭಾನುವಾರ ತಾವೇ ಪ್ರಾರ್ಥನೆ ನಡೆಸಿ ನಾಲ್ಕು ಮಾತು ಹೇಳುವವರು. ಅವರಿಗೆ ಶುಕ್ರವಾರ ತರಬೇತಿ. ಭಾನುವಾರ ಹೇಳಬೇಕಾದ್ದನ್ನು ಮೊದಲು ನನ್ನ ಮುಂದೆ ಹೇಳಬೇಕು. ಒಪ್ಪಿಗೆಯಾಗದ ಕಡೆ ನಾನು ಕೈ ಎತ್ತಬೇಕು. ಇಷ್ಟೇ ಕೆಲಸ.

ನಮ್ಮ ಮನೆಯಲ್ಲಿ ಬುದ್ಧನ ಪಟ ಬಿಟ್ಟರೆ ಬೇರೆ ಪಟವಿಲ್ಲ. ಅವ್ವ ಹತ್ತಿ ಬಿಡಿಸಿ ನನ್ನನ್ನು ಓದಿಸಿದವಳು. ಅವಳಿಗೆ ಹೇಳಿದಾಗ ಒಲೆ ಊದುತ್ತಲೇ ಕೇಳಿದಳು:

"ಅವರ ದೇವರಿಗೆ ನೀ ತಕರಾರು ಮಾಡಾಕ ಅವರೇ ಪಗಾರ ಕೊಡ್ತಾರೇನು?"

"ಹ್ಞೂಂ ಯವ್ವಾ."

"ಬೇಷ್ ನೌಕರಿ ಆತು ಬಿಡು. ತಕರಾರು ಮುಗಿಸಿ ಹೊತ್ತು ಮುಣುಗೋದ್ರಾಗ ಮನಿಗೆ ಬಾ."

ತರಬೇತಿ ಒಂದು ವಾರ ರಾಯಚೂರಿನಲ್ಲಿ, ಒಂದು ವಾರ ದೇವದುರ್ಗದಲ್ಲಿ, ಒಂದು ವಾರ ಮಾನ್ವಿಯಲ್ಲಿ. ನಿಯಮ ಫಾದರ್ ಮಾಡಿದ್ದು. ಕೈ ಎದ್ದ ಕೂಡಲೇ ಮಾತಾಡುವವರು ನಿಲ್ಲಬೇಕು, ವಾಕ್ಯ ಅರ್ಧದಲ್ಲಿದ್ದರೂ ಸರಿ. ಪ್ರಶ್ನೆ ಕೇಳಿಸಿಕೊಳ್ಳಬೇಕು. ಮನೆಯಲ್ಲಿ ಮಾತಾಡುವ ಮಾತಲ್ಲೇ ಉತ್ತರ ಕೊಡಬೇಕು. ಉತ್ತರ ಇಲ್ಲದಿದ್ದರೆ ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಸುಮ್ಮನಿರುವಂತಿಲ್ಲ. ಈ ನಿಯಮ ಫಾದರ್‌ಗೂ ಅನ್ವಯ. ಅವರೂ ತಮ್ಮ ಪ್ರಸಂಗವನ್ನು ನನ್ನ ಮುಂದೆ ಇಟ್ಟೇ ಭಾನುವಾರ ಪೀಠ ಹತ್ತುತ್ತಿದ್ದರು.

ಮೊದಮೊದಲು ಸಿಕ್ಕವರನ್ನೆಲ್ಲ ಕೆಡವಿದೆ. ದೇವಪುತ್ರಪ್ಪ ಎಂಬ ಉಪದೇಶಿ ಇದ್ದರು, ದೇವದುರ್ಗದಿಂದ ಗೂಗಲ್ ಎಂಬ ಊರಿನ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯವರು. ದೇವರ ಆಜ್ಞೆಗಳು ನಮ್ಮನ್ನು ಕಟ್ಟಿಹಾಕುವುದಿಲ್ಲ, ಕಾಯುತ್ತವೆ ಎಂದು ಹೇಳಲು ಅವರು ಮಾತಿನಲ್ಲಿ ಒಂದು ಕರುವನ್ನು ತಂದರು. "ಕರುವಿಗೆ ಹಗ್ಗ ಹಾಕೋದು ಸಿಟ್ಟಿಗಲ್ಲ, ಪ್ರೀತಿಗೆ. ಮಂದಿ ಹೊಲಕ್ಕ ಹೋಗಿ ಬಡಿಸಿಕೋಬಾರದಂತ." ನಾನು ಕೈ ಎತ್ತಿದೆ.

"ಕರು ದೊಡ್ಡದಾದ ಮ್ಯಾಲ ಏನ್ ಮಾಡ್ತೀರಿ?"

"ದೊಡ್ಡ ಹಗ್ಗ ಹಾಕ್ತೀವಿ," ಎಂದುಬಿಟ್ಟರು.

ಪಡಸಾಲೆ ತುಂಬ ನಗು. ಕೊನೆಗೆ ನಗುವುದಕ್ಕೆ ಶುರುಮಾಡಿದವರು ದೇವಪುತ್ರಪ್ಪ, ಮತ್ತೆ ನಿಲ್ಲಿಸಲೇ ಇಲ್ಲ. ಮಾನ್ವಿಯ ಇನ್ನೊಬ್ಬರು ದೇವರ ಪ್ರೀತಿಯನ್ನು ಕಾಲುವೆಗೆ ಹೋಲಿಸಿದರು. ದಂಡೆಯೊಳಗೆ ಹರಿದರೆ ಭತ್ತ, ದಂಡೆ ಒಡೆದರೆ ನಾಶ; ನಿಜವಾದ ಸ್ವಾತಂತ್ರ್ಯವೂ ಹಾಗೆಯೇ ಎಂದರು. ಮಾತು ಚೆನ್ನಾಗಿಯೇ ಇತ್ತು. "ಕಾಲುವಿ ಕೊನೀ ಭಾಗದ ಹೊಲದವರಿಗೆ ನೀರ ಬರಂಗಿಲ್ಲ. ದೇವರ ಪ್ರೀತಿನೂ ಅಷ್ಟೇನ್ರಿ?" ಎಂದು ಕೇಳಿದೆ. ಅವರ ಹೊಲವೂ ಕೊನೆಯ ಭಾಗದಲ್ಲೇ ಇತ್ತು. ಪ್ರಸಂಗ ಬಿಟ್ಟು ಅರ್ಧ ತಾಸು ನೀರಾವರಿ ಇಲಾಖೆಯನ್ನು ಬೈದರು. ಅವರು ಮಾಡಿದ ಪ್ರಸಂಗಗಳಲ್ಲಿ ಅದೇ ಅತ್ಯಂತ ಜೀವಂತವಾದದ್ದು ಎಂದು ಫಾದರ್ ಆಮೇಲೆ ಹೇಳಿದರು.

ಹೊಸಬಳೇ, ಇಲ್ಲೊಂದು ಗಮನಿಸು. ಚರ್ಚಾಸ್ಪರ್ಧೆಯಲ್ಲಿ ಕಲಿತದ್ದರಲ್ಲಿ ಅರ್ಧ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಎಲ್ಲವನ್ನೂ ಮಾಡಬಲ್ಲ ದೇವರು ತನ್ನಿಂದಲೇ ಎತ್ತಲಾಗದ ಬಂಡೆಯನ್ನು ಮಾಡಬಲ್ಲನೇ ಎಂದು ನಾನೊಮ್ಮೆ ಕೇಳಿದೆ. ಫಾದರ್ ಕನ್ನಡಕ ತೆಗೆದರು.

"ಇದು ಯಾರ ಪ್ರಶ್ನೆ?"

"ನಂದೇ."

"ಭಾನುವಾರ ಚಾಪೆಯ ಮೇಲೆ ಕೂರುವವರಲ್ಲಿ ಇದನ್ನು ಕೇಳುವ ಒಬ್ಬರ ಹೆಸರು ಹೇಳು."

ಒಂದೂ ಹೆಸರು ಹೊಳೆಯಲಿಲ್ಲ. ಆಮೇಲಿಂದ ಕೈ ಎತ್ತುವ ಮೊದಲು, ಈ ಪ್ರಶ್ನೆಗೆ ಯಾರ ಮುಖ ಇದೆ ಎಂದು ನೋಡಿಕೊಳ್ಳುವುದು ರೂಢಿಯಾಯಿತು. ಮುಖ ಕಾಣದಿದ್ದರೆ ಕೈ ಕೆಳಗೇ ಇರುತ್ತಿತ್ತು. ಅದು ನನಗೆ ಸುಲಭವಾಗಿರಲಿಲ್ಲ.

ಇನ್ನೊಂದು ಪ್ರಮಾದ ದೇವದುರ್ಗದ್ದು. ಅದನ್ನು ನನ್ನ ಬೀಳ್ಕೊಡುಗೆಯಲ್ಲಿ ಮೂವರು ಭಾಷಣಕಾರರೂ ಹೇಳಿದರು. ಹೀಗಾಗಿ ನಾನೇ ಹೇಳಿಬಿಡುತ್ತೇನೆ. ದೇವಪುತ್ರಪ್ಪ ತಮ್ಮ ಹಳ್ಳಿಗೆ ಒಂದು ಭಾನುವಾರ ಕರೆದಿದ್ದರು. ನಾನು ಬರೀ ಅತಿಥಿ. ಅವರು ಮಾತಾಡುತ್ತಾ, ಪಾಪ ಮಾಡಿದವನನ್ನೂ ದೇವರು ಬಿಟ್ಟುಕೊಡುವುದಿಲ್ಲ ಎಂದರು. ಮೊನ್ನೆ ಶುಕ್ರವಾರ ಅದೇ ವಾಕ್ಯಕ್ಕೆ ನಾವಿಬ್ಬರೂ ಜಗ್ಗಾಡಿದ್ದೆವು. ನನ್ನ ಕೈ ತನ್ನಷ್ಟಕ್ಕೆ ತಾನು ಎದ್ದಿತು. ದೇವಪುತ್ರಪ್ಪ ರೂಢಿಯಂತೆ ಗಕ್ಕನೆ ನಿಂತರು. ಕೂತವರಿಗೆ ಇದು ಪ್ರಾರ್ಥನೆಯ ಯಾವುದೋ ಹೊಸ ಕ್ರಮ ಅನ್ನಿಸಿರಬೇಕು. ಹಿಂದಿನ ಸಾಲಿನ ಒಬ್ಬ ಅಜ್ಜಿ ಕೈ ಎತ್ತಿದಳು, ಅವಳನ್ನು ನೋಡಿ ಪಕ್ಕದವಳು, ಆಮೇಲೆ ಗಂಡಸರು, ಕೂಸುಗಳು. ಇಡೀ ಚರ್ಚು ಕೈ ಎತ್ತಿ ನಿಂತಿತು. ಇಳಿಸುವುದು ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಕೊನೆಗೆ ದೇವಪುತ್ರಪ್ಪ ತಾವೂ ಕೈ ಎತ್ತಿ ಆಮೆನ್ ಅಂದರು. ಎಲ್ಲರೂ ಆಮೆನ್ ಅಂದು ಕೈ ಇಳಿಸಿದರು. ಹೊರಗೆ ಬಂದಾಗ ಆ ಅಜ್ಜಿ, "ಇವತ್ತಿನ ಪ್ರಾರ್ಥನಿ ಭಾಳ ಚಲೋ ಇತ್ರಿ," ಎಂದಳು.

ನಕ್ಕು ಮರೆತ ಮಾತು ಅದು. ಆದರೆ ಎತ್ತಿದ ಕೈ ಕಂಡರೆ ನಿಲ್ಲುವುದು ಇವರಿಗೆಲ್ಲ ಎಷ್ಟು ಆಳಕ್ಕೆ ಇಳಿದಿದೆ ಎಂದು ನನಗೆ ಅವತ್ತೇ ತಿಳಿಯಬೇಕಿತ್ತು.

ಇನ್ನು ಮಾನ್ವಿ. ಅಲ್ಲಿ ತರಬೇತಿ ನಡೆಯುತ್ತಿದ್ದುದು ಚರ್ಚಿನ ಪಕ್ಕದ ಪಡಸಾಲೆಯಲ್ಲಿ. ಒಂದು ಕಡೆ ಗೋಡೆಯಿಲ್ಲ, ಕಟ್ಟೆ. ಆ ಕಟ್ಟೆಯ ಮೇಲೆ ಕೂತು ನಮ್ಮ ಊಟದ ಅಕ್ಕಿ ಆರಿಸುತ್ತಿದ್ದವಳು ಜ್ಞಾನಮ್ಮ. ಚರ್ಚು ಗುಡಿಸುವವಳು, ಉಳಿದ ದಿನ ಭತ್ತದ ಗದ್ದೆಗೆ ಹೋಗುವವಳು, ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಮೊದಲ ದಿನವೇ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದಳು.

"ಕೈ ಎತ್ತಿದ್ದಕ್ಕ ಪಗಾರ ಕೊಡ್ತಾರಂತಲ್ಲವ್ವಾ ನಿನಗ?"

"ಹೌದ್ರಿ ಯವ್ವಾ."

"ನಮಗ ಗದ್ಯಾಗ ಬಗ್ಗಿದ್ರಷ್ಟ ಕೊಡ್ತಾರ. ಎತ್ತಿದ್ರ ಕಟ್ ಮಾಡ್ತಾರ."

ಜ್ಞಾನಮ್ಮನಿಗೆ ಒಬ್ಬಳೇ ಮಗಳು, ಸಲೋಮಿ. ಕೂಸಿದ್ದಾಗ ಜ್ವರ ನೆತ್ತಿಗೇರಿ ಕಣ್ಣು ತೇಲಿಸಿತ್ತಂತೆ. "ಮಗ್ಗಲ ಮನಿಯಾಕಿ ನೀರಮಾನ್ವಿಗೆ ನಡಿ, ಎಲ್ಲಮ್ಮಗ ಬೇಡಿಕೊಳ್ಳೋಣಂದ್ಲು. ಬಸ್ ಹೋಗಿಬಿಟ್ಟಿತ್ತು. ಚರ್ಚು ಇಲ್ಲೇ ಇತ್ತು. ಓಡಿಬಂದು ಮಾತೆ ಮರಿಯಮ್ಮನ ಪಾದದಾಗ ಕೂಸು ಮಲಗಿಸಿದೆ. ಇದು ಉಳದ್ರ ನಿಂದು, ಸಿಸ್ಟರ್‌ಗಳಿಗೆ ಕೊಡ್ತೀನಿ ಅಂದೆ. ಮುಂಜಾನಿ ಹಾಲು ಕುಡೀತು." ಇದನ್ನು ಅವಳು ಎಲ್ಲರಿಗೂ ಹೇಳುತ್ತಿದ್ದಳು. ನಮ್ಮ ಕಡೆಯ ಕ್ರೈಸ್ತ ಮನೆಗಳಲ್ಲಿ ಇಂಥ ಹರಕೆ ಹೊಸದಲ್ಲ. ಸಲೋಮಿ ನಡೆಯಲು ಕಲಿಯುವ ಮೊದಲೇ ಊರವರು ಅವಳನ್ನು ಸಣ್ಣ ಸಿಸ್ಟರ್ ಎಂದು ಕರೆಯಲು ಶುರುಮಾಡಿದ್ದರು. ಹೂ ಮುಡಿಸಲಿಲ್ಲ, ಗಂಡು ನೋಡುವ ಮಾತಿಲ್ಲ. ಪಿಯುಸಿ ಆದ ಮೇಲೆ ಸಿಸ್ಟರ್‌ಗಳ ಹಾಸ್ಟೆಲಿನಲ್ಲೇ ಇದ್ದು ಡಿಗ್ರಿ ಮುಗಿಸಿದಳು. ಈಗ ದೂರದ ಊರಿನ ಕಾನ್ವೆಂಟಿಗೆ ಹೊರಡುವುದಿತ್ತು. ಹೊರಡುವ ಮುನ್ನ ಊರ ಚರ್ಚಿನಲ್ಲಿ ಒಂದು ಪೂಜೆ ನಡೆಯುತ್ತದೆ. ಪೀಠದ ಮುಂದೆ ತಾಯಿ ಮಗಳ ಕೈ ಹಿಡಿದು ಸಿಸ್ಟರ್ ಕೈಗೆ ಒಪ್ಪಿಸಬೇಕು.

ಅದಕ್ಕೆ ಕೆಲವು ವಾರ ಮೊದಲು ಬಸ್ ಸ್ಟ್ಯಾಂಡಿಗೆ ನನ್ನನ್ನು ಬಿಡಲು ಸಲೋಮಿ ಬಂದಿದ್ದಳು. ರಾಯಚೂರು ಬಸ್ಸು ತಡವಾಗಿತ್ತು. ಸುಮ್ಮನೆ ಕೇಳಿದೆ, "ನಿನಗ ಹೋಗಾಕ ಮನಸ್ಸದ ಏನು?"

ಅವಳು ಬಸ್ಸಿನ ದಾರಿ ನೋಡುತ್ತಲೇ ಹೇಳಿದಳು, "ಬ್ಯಾಡ ಅಂತ ಇಲ್ಲಕ್ಕಾ. ಬೇಕು ಅಂತನೂ ಗೊತ್ತಿಲ್ಲ. ಬೇಕೋ ಬ್ಯಾಡೋ ಅಂತ ನೋಡಾಕ ಜಾಗಾನ ಸಿಕ್ಕಿಲ್ಲ ನನಗ." ಆಮೇಲೆ ತಾನೇ, "ಅವ್ವಗ ಹೇಳಬ್ಯಾಡ್ರಿ. ಆಕಿ ಅಂಜ್ತಾಳ," ಅಂದಳು.

ಅಂಜುತ್ತಾಳೆ ಎಂದರೆ ಏನೆಂದು ನನಗೆ ಅರ್ಥವಾಯಿತು. ಕೊಟ್ಟ ಮಾತು ತಪ್ಪಿದರೆ ಆ ಹಳೆಯ ಜ್ವರ ತಿರುಗಿ ಬರುತ್ತದೆ ಎಂಬ ಅಂಜಿಕೆ. ಇದನ್ನು ಅರಿವುಗೇಡಿತನ ಎಂದು ತಳ್ಳಿಹಾಕುವುದು ನನ್ನಂಥವಳಿಗೆ ಬಹಳ ಸುಲಭ. ಆದರೆ ಕಣ್ಣು ತೇಲಿಸಿದ ಕೂಸನ್ನು ಎತ್ತಿಕೊಂಡು ಓಡಿದವಳು ನಾನಲ್ಲ.

ಪೂಜೆಯ ಮುಂಚಿನ ಶುಕ್ರವಾರ ಮಾನ್ವಿಯ ಪಾಳಿ. ಫಾದರ್ ತಮ್ಮ ಪ್ರಸಂಗವನ್ನು ಮುಂದಿಟ್ಟರು. ನಿಜವಾದ ಸ್ವಾತಂತ್ರ್ಯ ಎಂದರೆ ಮನಸ್ಸಿಗೆ ಬಂದಂತೆ ನಡೆಯುವುದಲ್ಲ, ಪ್ರೀತಿಗಾಗಿ ತನ್ನನ್ನು ತಾನೇ ಕೊಟ್ಟುಕೊಳ್ಳುವುದು. ಸಲೋಮಿ ಇಂದು ಅದನ್ನೇ ಮಾಡುತ್ತಿದ್ದಾಳೆ. ನಾನು ಕೈ ಎತ್ತಿದೆ. ಈ ಪ್ರಶ್ನೆಗೆ ಮುಖ ಹುಡುಕುವ ಅಗತ್ಯವಿರಲಿಲ್ಲ.

"ತನ್ನನ್ನು ತಾ ಕೊಡಬೇಕಂದ್ರ ಮೊದಲ ಆಕಿ ಆಕಿ ಕೈಯಾಗ ಇರಬೇಕಲ್ರಿ ಫಾದರ್. ಆಕಿನ್ನ ಕೂಸಿದ್ದಾಗ ಕೊಟ್ಟಾಗ್ಯದ."

"ಅದು ತಾಯಿಯ ಭಕ್ತಿ."

"ಭಕ್ತಿ ತಾಯೀದು. ಸಿಸ್ಟರ್ ಬಟ್ಟಿ ಮಗಳು ಉಡಬೇಕು."

ಫಾದರ್ ತಮ್ಮ ನಿಯಮ ತಾವೇ ಮುರಿದರು, ಸುಮ್ಮನಿದ್ದರು. ಆ ಮೌನದಲ್ಲಿ ನನಗೆ ಇನ್ನೊಂದು ಗಮನಕ್ಕೆ ಬಂತು. ಕಟ್ಟೆಯ ಮೇಲೆ ಮೊರದ ಸದ್ದು ನಿಂತಿತ್ತು. ತಿರುಗಿ ನೋಡಿದೆ. ಜ್ಞಾನಮ್ಮ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕಿಯನ್ನೇ ನೋಡುತ್ತಿದ್ದಳು. ಆರಿಸುತ್ತಿರಲಿಲ್ಲ.

"ಗೊತ್ತಿಲ್ಲ," ಎಂದರು ಫಾದರ್ ಕೊನೆಗೆ. ಅವರ ಬಾಯಲ್ಲಿ ಆ ಮಾತನ್ನು ನಾನು ಮೊದಲ ಸಲ ಕೇಳಿದ್ದು. ವಾದದಲ್ಲಿ ಗೆದ್ದಾಗ ಆಗುವ ಖುಷಿ ನನಗೆ ಚೆನ್ನಾಗಿ ಗೊತ್ತು. ಅವತ್ತು ಅದು ಬರಲಿಲ್ಲ.

ಭಾನುವಾರ ನಾನು ಹೆಂಗಸರ ಸಾಲಿನ ಹಿಂದುಗಡೆ ಕೂತಿದ್ದೆ. ದೇವದುರ್ಗದ ನೆನಪಿನಿಂದ ಎರಡೂ ಕೈಗಳನ್ನು ಬಿಗಿಯಾಗಿ ಹೆಣೆದು ಮಡಿಲಲ್ಲಿ ಇಟ್ಟುಕೊಂಡಿದ್ದೆ. ಚರ್ಚು ತುಂಬಿತ್ತು. ಹೊರಗಿನ ಶಾಮಿಯಾನದಲ್ಲಿ ಅಡುಗೆ ಬೇಯುತ್ತಿತ್ತು. ಮುಂದೆ ಬಿಳಿ ಸೀರೆಯಲ್ಲಿ ಸಲೋಮಿ, ಪಕ್ಕದಲ್ಲಿ ಅವಳ ತಾಯಿ, ಇನ್ನೊಂದು ಪಕ್ಕ ಕರೆದೊಯ್ಯಲು ಬಂದ ವಯಸ್ಸಾದ ಸಿಸ್ಟರ್.

ಫಾದರ್ ಶುರುಮಾಡಿದರು. ದೇವರು ನಮ್ಮನ್ನು ಪ್ರೀತಿಸುವುದು ನಾವು ಒಳ್ಳೆಯವರು ಎಂದಲ್ಲ, ನಾವು ಏನನ್ನೋ ಕೊಟ್ಟೆವು ಎಂದೂ ಅಲ್ಲ. ಪ್ರೀತಿ ಮೊದಲು, ಉಳಿದದ್ದು ಆಮೇಲೆ ಎಂದರು. ಮನಸ್ಸಿಗೆ ಬಂದದ್ದನ್ನೆಲ್ಲ ಮಾಡುವವನು ತನ್ನ ಮನಸ್ಸಿನ ಜೀತದಾಳು, ಹೆದರಿ ಹೆದರಿ ಒಳ್ಳೆಯದನ್ನು ಮಾಡುವವನು ಹೆದರಿಕೆಯ ಜೀತದಾಳು, ಇಬ್ಬರೂ ಸ್ವತಂತ್ರರಲ್ಲ ಎಂದರು. ನಾನು ಕೇಳುತ್ತಾ ಹೋದೆ. ಕೈ ಎತ್ತುವ ಜಾಗ ಸಿಗಲಿಲ್ಲ. ಆಮೇಲೆ ಶುಕ್ರವಾರ ಇಲ್ಲದಿದ್ದ ಒಂದು ವಾಕ್ಯ ಬಂತು.

"ಅಂಜಿ ಕೊಟ್ಟದ್ದನ್ನು ದೇವರು ಕೈಚಾಚಿ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಇಂದು ನಾವು..."

ಅಲ್ಲಿಗೆ ನಿಂತರು. ಮುಂದಿನ ಸಾಲಿನಲ್ಲಿ ಒಂದು ಕೈ ಎದ್ದಿತ್ತು. ಬಳೆ ಮೊಣಕೈಗೆ ಜಾರಿತ್ತು. ಜ್ಞಾನಮ್ಮನ ಕೈ.

ಬೇರೆ ಯಾವ ಪಾದ್ರಿಯಾದರೂ ಕಾಣದವರಂತೆ ಮುಂದುವರಿಯುತ್ತಿದ್ದರೇನೋ. ವರ್ಷಗಟ್ಟಲೆ ಎತ್ತಿದ ಕೈಗೆ ನಿಂತು ಅಭ್ಯಾಸವಾದವರಿಗೆ ಅದು ಆಗಲಿಲ್ಲ.

"ಕೇಳಿ, ಜ್ಞಾನಮ್ಮ."

ಅವಳು ಎದ್ದು ನಿಂತಳು. "ಯಪ್ಪಾ, ಅಂಜಿ ಕೊಟ್ಟಿದ್ದು ದೇವರು ತಗೊಳ್ಳಂಗಿಲ್ಲ ಅಂದ್ರಿ. ನಾ ಅಂಜೇ ಕೊಟ್ಟೀನಿ. ಈಗ ತಿರುಗಿ ತಗೊಂಡ್ರ ಆಕಿಗೆ ಏನಾರ ಆಕ್ಕದೇನು? ಅದೊಂದು ಹೇಳ್ರಿ. ಉಳಿದಿದ್ದು ಆಮ್ಯಾಲ ಮಾಡ್ರಿ."

ಸಲೋಮಿ ತಾಯಿಯ ಸೆರಗು ಹಿಡಿದು ಜಗ್ಗಿದಳು. ಜ್ಞಾನಮ್ಮ ಕೂರಲಿಲ್ಲ.

"ಇಂಥ ಹರಕೆಯಿಂದ ಬಿಡುಗಡೆ ಮಾಡುವ ಅಧಿಕಾರ ನನಗಿದೆ," ಎಂದರು ಫಾದರ್.

"ಅಧಿಕಾರದ ಮಾತು ನನಗ ತಿಳಿಯಂಗಿಲ್ಲ. ಆಕಿಗೆ ಜ್ವರ ಬರ್ತದೋ ಇಲ್ಲೋ?"

ಮನೆಯಲ್ಲಿ ಮಾತಾಡುವ ಮಾತಲ್ಲೇ ಉತ್ತರ ಕೊಡಬೇಕು ಎಂಬ ನಿಯಮವೂ ಅವರದೇ. ಫಾದರ್ ಪೀಠದಿಂದ ಕೆಳಗಿಳಿದು ಅವಳ ಎದುರು ಬಂದು ನಿಂತರು. ಅಷ್ಟು ವರ್ಷದಲ್ಲಿ ನಮ್ಮ ಕಡೆಯ ಮಾತನ್ನು ಆಡದಿದ್ದವರು ಹೇಳಿದರು:

"ಜ್ವರ ಎಲ್ಲಾರಿಗೂ ಬರ್ತಾವವ್ವಾ. ನಿನ್ನ ಮಾತಿನ ಸಲುವಾಗಿ ಬರಂಗಿಲ್ಲ. ದೇವರು ಹಂತಾವಲ್ಲ."

"ನೀವು ಜವಾಬ್ದಾರಿ?"

"ನಾ ಜವಾಬ್ದಾರಿ."

ಜ್ಞಾನಮ್ಮ ಮೆಲ್ಲಗೆ ಕುಳಿತಳು. ಮಗಳ ಕಡೆ ನೋಡಲಿಲ್ಲ. ಫಾದರ್ ಸಲೋಮಿಯನ್ನು ಕೇಳಿದರು, "ನಿನ್ನ ಮನಸ್ಸು ಏನಮ್ಮಾ?"

"ನನಗ ಗೊತ್ತಿಲ್ಲ ಫಾದರ್," ಎಂದಳು. ಕೊನೆಯ ಸಾಲಿನವರೆಗೂ ಕೇಳಿಸಿತು.

ಇನ್ನೇನು ರಾದ್ಧಾಂತವಾಗುತ್ತದೆ ಎಂದು ನಾನು ಸಿಸ್ಟರ್ ಮುಖ ನೋಡಿದೆ. ಅಷ್ಟು ದೂರದಿಂದ ಬಂದವರು. ಅವರು ಸಲೋಮಿಯ ಹೆಗಲ ಮೇಲೆ ಕೈ ಇಟ್ಟರು. "ಗೊತ್ತಾದ ಮೇಲೆ ಬಾ. ಗೊತ್ತಾಗದಿದ್ದರೂ ಬರಬಹುದು, ಊಟಕ್ಕೆ. ಈಗ ಇಲ್ಲಿ ಊಟ ಉಂಟಲ್ಲ?"

ಯಾರೋ ನಕ್ಕರು. ಆ ನಗು ಹಿಂದಿನವರೆಗೂ ಹರಿಯಿತು, ಬಿಗಿ ಸಡಿಲಾಯಿತು. ಫಾದರ್ ಪೂಜೆ ಮುಗಿಸಿದರು, ಪ್ರಸಂಗವನ್ನು ಮುಗಿಸಲಿಲ್ಲ. ಶಾಮಿಯಾನದಲ್ಲಿ ಪಂಕ್ತಿ ಕೂತಾಗ ದೇವಪುತ್ರಪ್ಪ ಎಲೆ ಒರೆಸುತ್ತಾ, "ಹೊಂಟಾಳಂತ ಮಾಡಿದ ಅಡಗಿ, ಉಳದಾಳಂತ ಉಣ್ಣಾಕತ್ತೀವಿ. ಸಾರು ಮಾತ್ರ ಅದೇ ಅದ," ಎಂದರು. ಸಲೋಮಿ ಎರಡು ಸಲ ಅನ್ನ ಹಾಕಿಸಿಕೊಂಡಳು.

ಊರಿನಲ್ಲಿ ಎಲ್ಲರೂ ಹೀಗೆ ಹಗುರಾಗಲಿಲ್ಲ. ಕೆಲವರು ಜ್ಞಾನಮ್ಮನ ಮನೆಗೆ ಹೋಗುವುದನ್ನು ಬಿಟ್ಟರು. ಕೆಲವರು ಆ ತಕರಾರಿನವಳನ್ನು ತೆಗೆದುಹಾಕಿ ಎಂದು ಫಾದರ್‌ಗೆ ಹೇಳಿದರು. ಫಾದರ್ ಅವರಿಗೆ, "ಅವಳು ಕೈಯನ್ನೇ ಎತ್ತಿರಲಿಲ್ಲ. ಅವತ್ತಿನ ಮಟ್ಟಿಗೆ ಅವಳು ಕೆಲಸ ತಪ್ಪಿಸಿಕೊಂಡಳು ಅಂತ ಬೇಕಾದರೆ ದೂರು ಕೊಡಿ," ಎಂದರಂತೆ.

ನಿಜವಾದ ಪರೀಕ್ಷೆ ಮಳೆಗಾಲದಲ್ಲಿ ಬಂತು. ಸಲೋಮಿಗೆ ಜ್ವರ. ಮಾನ್ವಿಯಲ್ಲಿ ಇಳಿಯದೆ ರಾಯಚೂರಿನ ಆಸ್ಪತ್ರೆಗೆ ತಂದರು. ಟೈಫಾಯ್ಡ್ ಎಂದರು. ಕೇಳಿ ಓಡಿಹೋದೆ. ವಾರ್ಡಿನ ಹೊರಗೆ ಜ್ಞಾನಮ್ಮ ನೆಲದ ಮೇಲೆ ಕೂತಿದ್ದಳು. ಬೆಂಚಿನ ಮೇಲೆ ಫಾದರ್. ಬೆಳಿಗ್ಗೆಯಿಂದ ಅಲ್ಲೇ ಇದ್ದರಂತೆ. ಜ್ಞಾನಮ್ಮ ಅವರನ್ನೇ ನೋಡುತ್ತಿದ್ದಳು. ಆ ನೋಟದ ಮುಂದೆ ನಾನಾಗಿದ್ದರೆ ಕೂರುತ್ತಿರಲಿಲ್ಲ.

ನಾನು ಪಕ್ಕ ಕೂತು ಕೆಳದನಿಯಲ್ಲಿ, "ಮನಿಗೆ ಹೋಗಿ ಮಲಗ್ರಿ ಫಾದರ್. ಇಲ್ಲಿ ಕೂತ್ರ ಜ್ವರ ಇಳಿಯಂಗಿಲ್ಲ," ಎಂದೆ.

"ಜವಾಬ್ದಾರಿ ಅಂದಿದ್ದೇನಲ್ಲ ಮಾರಾಯ್ತಿ."

"ಜ್ವರ ಎಲ್ಲಾರಿಗೂ ಬರ್ತಾವ ಅಂತನೂ ಅಂದಿದ್ರಿ."

"ಅಂದಿದ್ದೆ. ನಂಬಿಯೂ ಇದ್ದೇನೆ." ವಾರ್ಡಿನ ಬಾಗಿಲ ಕಡೆ ನೋಡಿ ಹೇಳಿದರು, "ಆದರೂ ಹೆದರಿಕೆ ಆಗುತ್ತದೆ, ಸುಜಾತಾ."

ಇದಕ್ಕೆ ಕೈ ಎತ್ತಬಹುದಿತ್ತು. ಹೆದರುವವನು ಸ್ವತಂತ್ರನಲ್ಲ ಎಂದು ಪೀಠದಿಂದ ಹೇಳಿದವರು ಇವರೇ. ಅವರ ವಾಕ್ಯವನ್ನು ಅವರಿಗೇ ಹಿಡಿದು ತೋರಿಸುವುದು ನಾನು ಪಳಗಿದ ವಿದ್ಯೆ. ಬಾಯಿ ತೆರೆದೆ, ಆಮೇಲೆ ಚಹಾ ತರಲು ಎದ್ದುಹೋದೆ. ಇದನ್ನು ನನ್ನ ಸೋಲು ಎಂದು ಎರಡನೆಯ ಪಂಗಡದವರು ಎಣಿಸುವುದಾದರೆ ಎಣಿಸಿಕೊಳ್ಳಲಿ. ದೇವರು ಇದ್ದಾನೆ ಎಂದು ನನಗೆ ಇನ್ನೂ ಅನ್ನಿಸಿಲ್ಲ. ತಾನು ಹೇಳಿದ ಮಾತಿಗೆ ಬೆಂಚಿನ ಮೇಲೆ ಕೂತು ಕಾವಲು ಕಾಯುವವನೊಬ್ಬ ಇದ್ದಾನೆ ಎಂಬುದು ಮಾತ್ರ ಕಣ್ಣೆದುರು ಇತ್ತು.

ಜ್ವರ ಇಳಿಯಿತು. ಇಳಿದದ್ದು ನಮಗೆ ಗೊತ್ತಾದದ್ದು ಥರ್ಮಾಮೀಟರಿನಿಂದಲ್ಲ. ಒಳಗಿನಿಂದ ನರ್ಸ್ ಬಂದು, "ನಿಮ್ಮ ಪೇಷಂಟ್ ವಗ್ಗರಣಿ ಮಿರ್ಚಿ ಬೇಕು ಅನ್ನಾಕತ್ತಾರ. ಕೊಡಬ್ಯಾಡ್ರಿ," ಎಂದಳು. ಜ್ಞಾನಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆ ನಂತರ ಕಣ್ಣೊರೆಸಿಕೊಂಡು ಫಾದರ್ ಕಡೆ ತಿರುಗಿ, "ಯಪ್ಪಾ, ಈಗ ಮನಿಗೆ ಹೋಗ್ರಿ. ನಿಮ್ಮ ಜವಾಬ್ದಾರಿ ತೀರ್ತು," ಎಂದಳು. ಫಾದರ್ ಎದ್ದು ನಿಲ್ಲಲು ಹೋಗಿ ಮೊಣಕಾಲು ಹಿಡಿದು ಮತ್ತೆ ಕುಳಿತರು. ಇಬ್ಬರೂ ನಕ್ಕರು. ಅಷ್ಟು ನಿರಾಳವಾದ ನಗುವನ್ನು ನಾನು ಯಾವ ಪ್ರಾರ್ಥನೆಯ ಕೊನೆಗೂ ಕೇಳಿಲ್ಲ.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. ಫಾದರ್ ಗ್ರೆಗರಿ ವಯಸ್ಸಾಗಿ ಊರ ಕಡೆ ಹೋದರು. ಅವರ ಜಾಗಕ್ಕೆ ಬಂದವರು ತರಬೇತಿಯನ್ನು ಫೋನಿಗೆ ತಂದರು. ಉಪದೇಶಿಗಳು ಪ್ರಸಂಗವನ್ನು ರೆಕಾರ್ಡ್ ಮಾಡಿ ಕಳಿಸಬೇಕು, ನಾನು ತಕರಾರನ್ನು ರೆಕಾರ್ಡ್ ಮಾಡಿ ಕಳಿಸಬೇಕು. ಬಸ್ಸಿನ ಓಡಾಟ ತಪ್ಪಿತು. ಆದರೆ ಫೋನಿನಲ್ಲಿ ಯಾರೂ ಗಕ್ಕನೆ ನಿಲ್ಲುವುದಿಲ್ಲ. ನಾನು ಕೇಳುವ ಹೊತ್ತಿಗೆ ಅವರು ವಾಕ್ಯ ಮುಗಿಸಿಬಿಟ್ಟಿರುತ್ತಾರೆ. ಕಟ್ಟೆಯ ಮೇಲೆ ಅಕ್ಕಿ ಆರಿಸುವವರೂ ಇರುವುದಿಲ್ಲ. ಜಗಳವಾಡಿ ತಿಂಗಳಿಗೊಂದು ಶುಕ್ರವಾರವಾದರೂ ತರಬೇತಿಯನ್ನು ಪಡಸಾಲೆಗೆ ತಂದೆ. ಅಷ್ಟರಲ್ಲಿ ನನಗೆ ಕಾಲೇಜಿನಲ್ಲಿ ಕೆಲಸವಾಯಿತು. ನನ್ನ ಜಾಗಕ್ಕೆ ಯಾರು ಎಂದು ಹೊಸ ಫಾದರ್ ಕೇಳಿದಾಗ ಉಪದೇಶಿಗಳೆಲ್ಲ ಒಂದೇ ಹೆಸರು ಹೇಳಿದರು.

ಸಲೋಮಿ, ಅದು ನಿನ್ನ ಹೆಸರು. ಈಗ ಮಾನ್ವಿಯ ಶಾಲೆಯಲ್ಲಿ ಪಾಠ ಹೇಳುತ್ತೀಯ, ಭಾನುವಾರ ಚರ್ಚಿನಲ್ಲಿ ಹಾಡುತ್ತೀಯ. ಕಾನ್ವೆಂಟಿಗೆ ಹೋಗುತ್ತೀಯಾ ಎಂದು ಕೇಳಿದವರಿಗೆ "ನೋಡಾಕತ್ತೀನಿ" ಅನ್ನುತ್ತೀಯ. ನೋಡು, ಜಾಗ ಸಿಕ್ಕಿದೆ. ನಿಮ್ಮವ್ವ ಈಗ ನಿನ್ನ ಹಣೆ ಮುಟ್ಟಿ ನೋಡುವುದನ್ನು ಬಿಟ್ಟಿದ್ದಾಳೆ ಎಂದು ಕೇಳಿ ಹಗುರೆನಿಸಿತು.

ನನ್ನ ಬೀಳ್ಕೊಡುಗೆಯ ದಿನ ಎಲ್ಲರೂ ಹೋದ ಮೇಲೆ ನಾವಿಬ್ಬರೂ ಪಡಸಾಲೆಯಲ್ಲಿ ಉಳಿದಿದ್ದೆವು. ನೀನು ನನ್ನ ಕುರ್ಚಿಯ ಮೇಲೆ ಕೂತು ನೋಡಿದೆ. ನಾನು ಎದುರು ನಿಂತು ಕೈ ಎತ್ತಿ ಒಂದು ಪ್ರಶ್ನೆ ಕೇಳಿದೆ. ನೀನು ಕಟ್ಟೆಯ ಕಡೆ ನೋಡಿದೆ, ಅಷ್ಟರಲ್ಲಿ ನನ್ನ ಬಸ್ಸಿನ ಹೊತ್ತಾಯಿತು. ಉತ್ತರ ಬಂದಿಲ್ಲ. ನಿಯಮ ನಿನಗೆ ಗೊತ್ತು, ಸುಮ್ಮನಿರುವಂತಿಲ್ಲ. ಹೀಗಾಗಿ ಇಲ್ಲಿ ಮತ್ತೊಮ್ಮೆ ಕೈ ಎತ್ತುತ್ತಿದ್ದೇನೆ.

ಕೊಟ್ಟವಳೂ ನಿಮ್ಮವ್ವ, ತಿರುಗಿ ಬಿಡಿಸಿಕೊಂಡವಳೂ ನಿಮ್ಮವ್ವ. ಅವತ್ತು ಆಕಿ ಕೈ ಎತ್ತದೆ ಇದ್ದಿದ್ರ, ಸಲೋಮಿ, ನೀ ಎತ್ತತಿದ್ದೇನು?